ಮನೆಯ ತೊಟ್ಟಿಯಲ್ಲಿ ಹವಳ ಬಿಳಿಚಿಕೊಂಡಿದೆ: ಇದು ಅದರ ಸಹಜ ಬಣ್ಣವೋ, ಕಾಯಿಲೆಯೋ?

ಶಾಂತಿಸಾಗರ, ದಾವಣಗೆರೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ವಿದ್ಯಾನಗರದಲ್ಲಿರುವ ನಮ್ಮ ಮನೆಯ ಪಡಸಾಲೆಯಲ್ಲಿ 150 ಲೀಟರಿನ ಸಮುದ್ರನೀರಿನ ತೊಟ್ಟಿಯೊಂದನ್ನು ಹದಿನಾಲ್ಕು ತಿಂಗಳಿಂದ ನೋಡಿಕೊಂಡು ಬಂದಿದ್ದೇನೆ. ಅದರಲ್ಲಿ ಎರಡು ಕ್ಲೌನ್ ಮೀನುಗಳು, ನಾಲ್ಕೈದು ಬಸವನಹುಳುಗಳು ಮತ್ತು ಮೃದು ಹವಳಗಳು ಮಾತ್ರ ಇವೆ. ಹವಳಗಳೆಂದರೆ ಅಂಗೈಯಗಲದ ಒಂದು ಲೆದರ್ ಹವಳ, ಒಂದೇ ಕಲ್ಲಿಗೆ ಅಂಟಿಕೊಂಡಿರುವ ಆರು ಮಶ್ರೂಮ್ ಹವಳಗಳು, ಮತ್ತು ಒಂದು ಗೊಂಚಲು ಕ್ಸೀನಿಯಾ.

ಯುಗಾದಿಯ ಹೊತ್ತಿಗೆ ಹಳೆಯ ದೀಪ ಮಂಕಾಗಿದ್ದರಿಂದ ಹೊಸ ಎಲ್‌ಇಡಿ ದೀಪವನ್ನು ತರಿಸಿ ಹಾಕಿದೆ. ಗಾಜಿನ ಮೇಲೆ ಹಸಿರು ಪಾಚಿ ಬೇಗ ಬೇಗ ಕಟ್ಟುತ್ತಿದ್ದುದರಿಂದ ಅದೇ ವಾರ ಫಾಸ್ಫೇಟ್ ಹೀರುವ ಕಬ್ಬಿಣದ ಹರಳುಗಳ ಚೀಲವೊಂದನ್ನು ಫಿಲ್ಟರಿನಲ್ಲಿ ಇಟ್ಟೆ. ಅದಾಗಿ ಮೂರು ವಾರ ಕಳೆಯುವಷ್ಟರಲ್ಲಿ ಮೇಲ್ಗಡೆಯಿದ್ದ ಎರಡು ಮಶ್ರೂಮ್ ಹವಳಗಳು ಕಂದು ಬಣ್ಣವನ್ನು ಪೂರ್ತಿ ಕಳೆದುಕೊಂಡು, ಕಾಯಿಸಿ ಆರಿಸಿದ ಹಾಲಿನ ಕೆನೆಯ ಬಣ್ಣಕ್ಕೆ ಬಂದಿವೆ. ಲೆದರ್ ಹವಳವೂ ಮೊದಲಿಗಿಂತ ಪೇಲವವಾಗಿದೆ, ಹಾಗೂ ಐದು ದಿನಗಳಿಂದ ತನ್ನ ಪುಟ್ಟ ಕೈಗಳನ್ನು ಹೊರಗೆ ಚಾಚಿಲ್ಲ. ಕ್ಸೀನಿಯಾ ಮೊದಲಿನಿಂದಲೂ ಬೆಳ್ಳಗೇ ಇತ್ತು, ಈಗಲೂ ಹಾಗೇ ಇದೆ.

ನಾನು ಅಳತೆ ಮಾಡಿದಂತೆ ನೀರಿನ ಉಷ್ಣಾಂಶ ಬೆಳಿಗ್ಗೆ 26 ಡಿಗ್ರಿ, ಮಧ್ಯಾಹ್ನ ಮೂರರ ಹೊತ್ತಿಗೆ 28.5 ಡಿಗ್ರಿ ಇರುತ್ತದೆ. ಉಪ್ಪಿನಂಶವನ್ನು ತೋರಿಸುವ ಸಾಪೇಕ್ಷ ಸಾಂದ್ರತೆ 1.025, ಕ್ಷಾರೀಯತೆ 8 ಡಿಕೆಎಚ್ (ಕ್ಷಾರೀಯತೆಯ ಅಳತೆಯ ಮಾನ), ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ. ನೀರು ಇಷ್ಟು ಸ್ವಚ್ಛವಾಗಿರುವಾಗ ಹವಳಗಳಿಗೆ ಏನಾಗಿರಬಹುದೆಂದು ನನಗೆ ತಿಳಿಯುತ್ತಿಲ್ಲ. ನಾನು ಹವಳಗಳನ್ನು ಕೊಂಡ ಬೆಂಗಳೂರಿನ ಅಂಗಡಿಯವರಿಗೆ ಫೋಟೊ ಕಳಿಸಿದಾಗ, ಬಿಳಿ ಬಣ್ಣದ ಮಶ್ರೂಮ್ ಅಪರೂಪದ ತಳಿಯೆಂದೂ, ಚಿಂತಿಸಬೇಕಾಗಿಲ್ಲವೆಂದೂ ಹೇಳಿದರು. ಅವರಲ್ಲೇ ತುದಿಗಳು ಮಾತ್ರ ನೇರಳೆಯಾಗಿದ್ದು ಉಳಿದ ಮೈಯೆಲ್ಲ ಅಚ್ಚ ಬಿಳಿಯಾಗಿರುವ, ಹವಳದ ಬಳಗಕ್ಕೇ ಸೇರಿದ ಅನಿಮೋನ್ ಎಂಬ ಮೃದು ಸಮುದ್ರಪ್ರಾಣಿಯೊಂದಿದೆ. ನನ್ನ ಮಗಳು ಅದನ್ನು ತರಲೇಬೇಕೆಂದು ಹಟ ಹಿಡಿದಿದ್ದಾಳೆ. ಬೆಳ್ಳಗಿರುವ ಹವಳ ಆರೋಗ್ಯವಾಗಿರಲು ಸಾಧ್ಯವೇ? ಬಿಳಿಚಿಕೊಂಡವುಗಳನ್ನು ತೆಗೆದು ಹಾಕಬೇಕೇ, ಉಳಿಸಿಕೊಳ್ಳಬಹುದೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಚಂದ್ರವಳ್ಳಿ, ಚಿತ್ರದುರ್ಗ

ನಮಸ್ಕಾರ ಸರ್. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಮನೆಯಲ್ಲಿ ಒಂಬತ್ತು ವರ್ಷಗಳಿಂದ ಮೃದು ಹವಳಗಳ ತೊಟ್ಟಿಯಿದೆ. ನಿಮ್ಮ ಮಶ್ರೂಮ್‌ಗಳು ಅಪರೂಪದ ತಳಿಯಲ್ಲ. ಕಂದಾಗಿದ್ದದ್ದು ಮೂರೇ ವಾರದಲ್ಲಿ ಬಿಳಿಯಾಯಿತೆಂದರೆ ಅದು ಬಿಳಿಚಿಕೊಂಡಿದೆ ಎಂದೇ ಅರ್ಥ. ಆದರೆ ಅವು ಸತ್ತಿಲ್ಲ, ಆದ್ದರಿಂದ ದಯವಿಟ್ಟು ತೆಗೆದು ಎಸೆಯಬೇಡಿ.

ಇದು ಅರ್ಥವಾಗಬೇಕಾದರೆ ಆ ಕಂದು ಬಣ್ಣ ಯಾರದ್ದೆಂದು ಮೊದಲು ತಿಳಿಯಬೇಕು. ಹವಳ ಒಂದು ಪ್ರಾಣಿ. ಅದರ ಮಾಂಸ ಹೆಚ್ಚುಕಡಿಮೆ ಪಾರದರ್ಶಕ. ಆ ಮಾಂಸದ ಕೋಶಗಳೊಳಗೆ ಜೂಜಾಂತೆಲ್ಲೆ ಎಂಬ ಏಕಕೋಶದ ಪಾಚಿಗಳು ವಾಸವಾಗಿರುತ್ತವೆ. ಆರೋಗ್ಯವಂತ ಹವಳದ ಒಂದು ಚದರ ಸೆಂಟಿಮೀಟರ್ ಮೈಯಲ್ಲಿ ಇಂಥ ಪಾಚಿಗಳು ಹತ್ತು ಲಕ್ಷಕ್ಕೂ ಹೆಚ್ಚಿರುವುದು ಸಾಮಾನ್ಯ. ಅವು ಬೆಳಕಿನಿಂದ ಸಕ್ಕರೆ ತಯಾರಿಸಿ ಅದರ ಬಹುಪಾಲನ್ನು ಮನೆ ಕೊಟ್ಟ ಹವಳಕ್ಕೇ ಕೊಡುತ್ತವೆ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತರವರೆಗೂ ಹೀಗೆ ಬರಬಲ್ಲದು. ಪ್ರತಿಯಾಗಿ ಹವಳ ತನ್ನ ಉಸಿರಿನ ಇಂಗಾಲದ ಡೈಆಕ್ಸೈಡನ್ನೂ, ತನ್ನ ತ್ಯಾಜ್ಯದಲ್ಲಿರುವ ಸಾರಜನಕವನ್ನೂ ಪಾಚಿಗೆ ಒದಗಿಸುತ್ತದೆ. ನಾವು ಕಾಣುವ ಕಂದು ಬಣ್ಣ ಈ ಪಾಚಿಯದ್ದು. ಅಂಗಡಿಗಳಲ್ಲಿ ಕಂದು ಹವಳವನ್ನು ಯಾರೂ ಕೇಳುವುದಿಲ್ಲ, ಮಂಕಾಗಿದೆ ಎಂದು ಬದಿಗೆ ಸರಿಸುತ್ತಾರೆ. ನನಗೆ ಇದು ಬಹಳ ಬೇಸರದ ಸಂಗತಿ, ಏಕೆಂದರೆ ಆ ಕಂದು ಹವಳದ ಮನೆಯಲ್ಲಿ ತುಂಬಿಟ್ಟ ಕಣಜದ ಬಣ್ಣ.

ಬೆಳಕು ಅತಿಯಾದಾಗ, ನೀರು ಬಿಸಿಯಾದಾಗ, ಅಥವಾ ಲವಣಾಂಶ ಒಮ್ಮೆಲೇ ಏರಿಳಿದಾಗ ಪಾಚಿಯ ಕೆಲಸ ಕೆಡುತ್ತದೆ. ಸಕ್ಕರೆ ತಯಾರಿಸುತ್ತಿದ್ದ ಯಂತ್ರದಿಂದಲೇ ಜೀವಕೋಶವನ್ನು ಸುಡುವಂಥ ತೀಕ್ಷ್ಣವಾದ ಆಮ್ಲಜನಕದ ಕಣಗಳು ಹೊರಬೀಳತೊಡಗುತ್ತವೆ. ಆಗ ಹವಳ ತನ್ನನ್ನು ಉಳಿಸಿಕೊಳ್ಳಲು ಪಾಚಿಯನ್ನು ಹೊರಗೆ ಹಾಕುತ್ತದೆ, ಇಲ್ಲವೇ ಪಾಚಿಯೇ ತನ್ನ ವರ್ಣದ್ರವ್ಯವನ್ನು ಕಳೆದುಕೊಳ್ಳುತ್ತದೆ. ಉಳಿಯುವುದು ಬಣ್ಣವಿಲ್ಲದ ಮಾಂಸ. ಹಾಗಾಗಿ ಬಿಳಿಚಿಕೊಂಡ ಹವಳವೆಂದರೆ ಜೀವವಿದ್ದೂ ಹೊಟ್ಟೆಗಿಲ್ಲದ ಪ್ರಾಣಿ. ಮೈಯಲ್ಲಿರುವ ಕೊಬ್ಬನ್ನು ಕರಗಿಸಿಕೊಂಡು ಅದು ಕೆಲವು ವಾರ ತಡೆಯಬಲ್ಲದು. ಅಷ್ಟರೊಳಗೆ ಕಾರಣ ನಿವಾರಣೆಯಾದರೆ ಉಳಿದಿರುವ ಬೆರಳೆಣಿಕೆಯ ಪಾಚಿಗಳೇ ಮತ್ತೆ ಹೆಚ್ಚಿಕೊಂಡು ಬಣ್ಣ ಮರಳುತ್ತದೆ.

ಹಾಗೆಂದು ಬೆಳ್ಳಗಿರುವ ಎಲ್ಲವೂ ಕಾಯಿಲೆಯಲ್ಲ. ನಿಮ್ಮ ಕ್ಸೀನಿಯಾ ಹುಟ್ಟಿನಿಂದಲೇ ಕೆನೆಬಣ್ಣದ ಜಾತಿ. ಅದು ಅಂಗೈಯನ್ನು ಮುಚ್ಚಿ ತೆರೆದಂತೆ ಮಿಡಿಯುತ್ತಿದ್ದರೆ ನಿಶ್ಚಿಂತೆಯಿಂದಿರಿ. ಕವಲೊಡೆಯುವ ಅಕ್ರೊಪೊರಾದಂಥ ಗಟ್ಟಿ ಹವಳಗಳಲ್ಲಿ ಬೆಳೆಯುವ ತುದಿ ಬೆಳ್ಳಗಿರುವುದು ಸಹಜ, ಏಕೆಂದರೆ ಹೊಸದಾಗಿ ಮೂಡಿದ ಅಂಗಾಂಶಕ್ಕೆ ಪಾಚಿ ಇನ್ನೂ ತುಂಬಿಕೊಂಡಿರುವುದಿಲ್ಲ. ಆಳಸಮುದ್ರದ ಕತ್ತಲಲ್ಲಿ ಬೆಳೆಯುವ ಹವಳಗಳಲ್ಲಿ ಪಾಚಿಯೇ ಇಲ್ಲ. ಅವುಗಳಲ್ಲಿ ಕೆಲವು ಸಂಪೂರ್ಣ ಬಿಳಿಯಾಗಿದ್ದೂ ಆರೋಗ್ಯವಾಗಿಯೇ ಇರುತ್ತವೆ. ನಮ್ಮ ಕಡೆ ಹವಳವೆಂದರೆ ತಾಳಿಸರದ ಕೆಂಪು ಹವಳವೇ ಕಣ್ಣ ಮುಂದೆ ಬರುತ್ತದಲ್ಲವೇ, ಆ ಮೆಡಿಟರೇನಿಯನ್ ಸಮುದ್ರದ ಹವಳದಲ್ಲಿಯೂ ಪಾಚಿಯಿಲ್ಲ. ಅದರ ಬಣ್ಣ ಒಳಗಿನ ಅಸ್ಥಿಯಲ್ಲೇ ಬೆರೆತಿದೆ. ಆದ್ದರಿಂದಲೇ ಪ್ರಾಣಿ ಸತ್ತು ಎಷ್ಟೋ ಕಾಲವಾದ ಮೇಲೂ ಮಣಿ ಕೆಂಪಗೇ ಉಳಿಯುತ್ತದೆ. ಹೀಗಾಗಿ, ಈ ಜಾತಿಯ ಸಹಜ ಬಣ್ಣ ಯಾವುದು, ಈಗ ಅದರಲ್ಲಿ ಏನು ಬದಲಾಗಿದೆ ಎಂದು ನೋಡಬೇಕೇ ಹೊರತು ಬಿಳಿ ಬಣ್ಣವೊಂದನ್ನೇ ನೋಡಿ ತೀರ್ಮಾನಿಸಲು ಬರುವುದಿಲ್ಲ.

ಜೀವವಿದೆಯೋ ಇಲ್ಲವೋ ಎಂದು ನೋಡುವ ಬಗೆಯನ್ನು ಹೇಳುತ್ತೇನೆ. ಗಟ್ಟಿ ಹವಳವಾಗಿದ್ದರೆ ಮಾಂಸ ಕಳಚಿದಾಗ ಸುಣ್ಣದ ಅಸ್ಥಿ ಹರಿತವಾಗಿ ಎದ್ದು ಕಾಣುತ್ತದೆ, ಕೆಲವೇ ದಿನಗಳಲ್ಲಿ ಅದರ ಮೇಲೆ ಹಸಿರು ಪಾಚಿ ಹತ್ತುತ್ತದೆ. ನಿಮ್ಮಲ್ಲಿರುವವು ಗಟ್ಟಿ ಅಸ್ಥಿಯಿಲ್ಲದವು, ಆದ್ದರಿಂದ ಈ ಪರೀಕ್ಷೆ ಇಲ್ಲಿ ನಡೆಯದು. ತೊಟ್ಟಿಯ ನೀಲಿ ದೀಪವನ್ನು ಆರಿಸಿ, ಮೊಬೈಲಿನ ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ಮಶ್ರೂಮ್‌ನ ಅಂಚನ್ನು ನೋಡಿ. ಜೀವವಿರುವ ಮಶ್ರೂಮ್ ಬೆಳ್ಳಗಾಗಿದ್ದರೂ ಅದರ ಅಂಚು ನೀರಿನ ಸೆಳೆತಕ್ಕೆ ದೋಸೆಯ ಅಂಚಿನಂತೆ ಅಲುಗುತ್ತದೆ, ಮೈಮೇಲಿನ ಪುಟ್ಟ ಗುಳ್ಳೆಗಳು ಉಬ್ಬಿರುತ್ತವೆ, ಮಧ್ಯದ ಬಾಯಿ ಮುಚ್ಚಿರುತ್ತದೆ. ಸಾಯುತ್ತಿರುವುದು ಲೋಳೆಯಾಗಿ ಕರಗುತ್ತದೆ, ಬಾಯಿ ತೆರೆದುಕೊಂಡೇ ಇರುತ್ತದೆ, ಹತ್ತಿರದ ನೀರನ್ನು ಪಿಪೆಟ್ಟಿನಿಂದ ಹೀರಿ ಮೂಸಿದರೆ ಕೊಳೆತ ವಾಸನೆ ಬರುತ್ತದೆ. ಕರಗುತ್ತಿರುವುದನ್ನು ಮಾತ್ರ ಕೂಡಲೇ ಹೊರತೆಗೆಯಿರಿ.

ಲೆದರ್ ಹವಳದ ವಿಷಯ ಬೇರೆಯೇ ಇರಬಹುದು. ಅದು ಆಗಾಗ್ಗೆ ಒಂದೆರಡು ವಾರ ಮುದುಡಿಕೊಂಡು, ಮೈಮೇಲೆ ಮೇಣದಂಥ ತೆಳುಪೊರೆ ಕಟ್ಟಿ, ಅದನ್ನು ಕಳಚಿ ಹಾಕುತ್ತದೆ. ಪೊರೆಯಿರುವಷ್ಟು ದಿನವೂ ಪೇಲವವಾಗಿ ಕಾಣುತ್ತದೆ. ನೀರಿನ ಪಂಪಿನ ಸೆಳೆತ ಅದರ ಮೇಲೆ ಸ್ವಲ್ಪ ಹಾಯುವಂತೆ ಮಾಡಿ, ಮುಟ್ಟದೆ ಬಿಡಿ.

ಹರಿಹರದ ಹೊಳೆ, ಹರಿಹರ

ಮೇಡಂ ಅವರು ಬರೆದದ್ದನ್ನು ಒಪ್ಪುತ್ತಲೇ ಬಿಸಿಲಿನ ವಿಷಯವನ್ನು ಒತ್ತಿ ಹೇಳಬೇಕೆನಿಸುತ್ತದೆ. ನಮ್ಮ ಕಡೆ ಏಪ್ರಿಲಿನಲ್ಲಿ ಮಧ್ಯಾಹ್ನದ ಬಿಸಿಲು 38 ಡಿಗ್ರಿಗೆ ಹೋಗುವುದು ಹೊಸತಲ್ಲ, ಅದರ ಮೇಲೆ ಕರೆಂಟ್ ಹೋದರೆ ಪಂಪೂ ನಿಲ್ಲುತ್ತದೆ. ಸಮುದ್ರದಲ್ಲಿ ಹವಳಗಳು ಸಾಮೂಹಿಕವಾಗಿ ಬಿಳಿಚಿಕೊಳ್ಳಲು ಮುಖ್ಯ ಕಾರಣವೇ ಬಿಸಿ. ಆ ಜಾಗದ ಬೇಸಿಗೆಯ ಗರಿಷ್ಠ ಸರಾಸರಿಗಿಂತ ಒಂದೇ ಒಂದು ಡಿಗ್ರಿ ಹೆಚ್ಚಿನ ಬಿಸಿ ನಾಲ್ಕು ವಾರ ನಿಂತರೆ ಬಿಳಿಚುವಿಕೆ ಕಾಣಿಸುತ್ತದೆ, ಎಂಟು ವಾರ ನಿಂತರೆ ಸಾವುಗಳು ಶುರುವಾಗುತ್ತವೆ ಎಂಬುದು ವಿಜ್ಞಾನಿಗಳು ಬಳಸುವ ಲೆಕ್ಕ. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ಹೀಗೆಯೇ ಆಯಿತು. 2024ರಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಅಲ್ಲಿ ಮತ್ತೆ ವ್ಯಾಪಕವಾದ ಬಿಳಿಚುವಿಕೆಯನ್ನು ಗುರುತಿಸಿ, ಸಮುದ್ರದ ಬಿಸಿ ಅಲೆಯನ್ನು ಅದಕ್ಕೆ ಕಾರಣವೆಂದು ಹೇಳಿದರು. ಅದೇ ವರ್ಷದ ಏಪ್ರಿಲಿನಲ್ಲಿ ಜಗತ್ತಿನ ನಾಲ್ಕನೆಯ ಜಾಗತಿಕ ಬಿಳಿಚುವಿಕೆ ನಡೆಯುತ್ತಿದೆ ಎಂಬ ಘೋಷಣೆಯೂ ಬಂತು.

ಆದ್ದರಿಂದ ಶಾಂತಿಸಾಗರ ಅವರು ಮಧ್ಯಾಹ್ನದ 28.5 ಡಿಗ್ರಿಯನ್ನು 27ರ ಒಳಗೆ ತರುವುದು ಒಳ್ಳೆಯದು. ನೀರನ್ನು ತಂಪಾಗಿಸುವ ಚಿಲ್ಲರ್ ಯಂತ್ರ ದುಬಾರಿ, ಅದನ್ನೇ ಕೊಳ್ಳಬೇಕೆಂದಿಲ್ಲ. ತೊಟ್ಟಿಯ ಗಾಜಿನ ಮುಚ್ಚಳವನ್ನು ತೆಗೆದು ಬಲೆ ಹೊದಿಸಿ, ನೀರಿನ ಮೇಲ್ಮೈಗೆ ಗಾಳಿ ಬೀಸುವಂತೆ ಎರಡು ಸಣ್ಣ ಫ್ಯಾನ್‌ಗಳನ್ನು ಕಟ್ಟಿದರೆ ಸಾಕು. ನಮ್ಮದು ಕರಾವಳಿಯ ಸೆಖೆಯಲ್ಲ, ಒಣಹವೆ. ನೀರು ಬೇಗ ಆವಿಯಾಗುವುದರಿಂದ ನನ್ನ ತೊಟ್ಟಿ ಎರಡರಿಂದ ಮೂರು ಡಿಗ್ರಿ ತಂಪಾಗುತ್ತದೆ. ಆದರೆ ಒಂದು ಎಚ್ಚರಿಕೆ: ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಬೇಸಿಗೆಯಲ್ಲಿ ನನ್ನ ತೊಟ್ಟಿಯಿಂದ ದಿನಕ್ಕೆ ಮೂರು ಲೀಟರಿನಷ್ಟು ಹೋಗುತ್ತದೆ. ಅಷ್ಟನ್ನೂ ಉಪ್ಪಿಲ್ಲದ ಶುದ್ಧ ನೀರಿನಿಂದಲೇ ದಿನಾ ತುಂಬಬೇಕು. ನಾನು ಮೊದಲ ಬೇಸಿಗೆಯಲ್ಲಿ ಅದನ್ನು ವಾರಕ್ಕೊಮ್ಮೆ ತುಂಬುತ್ತಿದ್ದೆ. ಲವಣಾಂಶ ವಾರವಿಡೀ ಏರಿ ಭಾನುವಾರ ದಿಢೀರನೆ ಇಳಿಯುತ್ತಿತ್ತು. ಆ ಏರಿಳಿತಕ್ಕೇ ನನ್ನ ಎರಡು ಹವಳಗಳು ಬಿಳಿಚಿಕೊಂಡು ಸತ್ತವು.

ಚಂದ್ರವಳ್ಳಿ, ಚಿತ್ರದುರ್ಗ

ಫ್ಯಾನಿನ ಸಲಹೆಯೂ ದಿನಾ ನೀರು ತುಂಬುವ ಸಲಹೆಯೂ ಬಹಳ ಉಪಯುಕ್ತವಾಗಿವೆ. ಆದರೂ ಈ ತೊಟ್ಟಿಯಲ್ಲಿ ಬಿಸಿಯೇ ಮುಖ್ಯ ಕಾರಣವೆಂದು ನನಗೆ ತೋರುವುದಿಲ್ಲ. ದಿನದಲ್ಲಿ ಎರಡು ಮೂರು ಗಂಟೆ 28.5 ಡಿಗ್ರಿಗೆ ಹೋಗಿ ರಾತ್ರಿ 26ಕ್ಕೆ ಇಳಿಯುವುದನ್ನು ಮಶ್ರೂಮ್ ಹವಳ ತಾಳಿಕೊಳ್ಳುತ್ತದೆ. ಬಿಸಿಯಿಂದಲೇ ಆಗಿದ್ದರೆ ಆರೂ ಮಶ್ರೂಮ್‌ಗಳು ಒಟ್ಟಿಗೆ ಬಿಳಿಚಬೇಕಿತ್ತು. ಅವರು ಬರೆದಿರುವುದನ್ನು ಇನ್ನೊಮ್ಮೆ ಓದಿ: ಬೆಳ್ಳಗಾಗಿರುವುದು ಮೇಲ್ಗಡೆಯ ಎರಡು ಮಾತ್ರ, ಎಂದರೆ ಹೊಸ ದೀಪಕ್ಕೆ ಹತ್ತಿರವಿರುವವು.

ನನ್ನ ಅನುಮಾನ ಎರಡು ಸಂಗತಿಗಳ ಮೇಲಿದೆ, ಮತ್ತು ಅವೆರಡೂ ಒಂದೇ ವಾರದಲ್ಲಿ ನಡೆದಿವೆ. ಮಂಕಾದ ದೀಪಕ್ಕೆ ಒಗ್ಗಿಕೊಂಡಿದ್ದ ಹವಳ ತನ್ನ ಮೈಯಲ್ಲಿ ಹೆಚ್ಚು ಪಾಚಿಯನ್ನು ತುಂಬಿಕೊಂಡು ಸಿಗುವ ಬೆಳಕನ್ನೆಲ್ಲ ಹೀರಲು ಸಿದ್ಧವಾಗಿರುತ್ತದೆ. ಅದರ ಮೇಲೆ ಒಂದೇ ದಿನದಲ್ಲಿ ಪೂರ್ತಿ ಬಲದ ಎಲ್‌ಇಡಿ ಬೆಳಕು ಬಿದ್ದರೆ, ನೆರಳಿನಲ್ಲಿ ಬೆಳೆದ ಅಡಿಕೆ ಸಸಿಯನ್ನು ಒಮ್ಮೆಲೇ ಬಟ್ಟಬಯಲಿನಲ್ಲಿ ನೆಟ್ಟಂತೆ ಆಗುತ್ತದೆ. ಚನ್ನಗಿರಿಯ ಕಡೆಯವರಿಗೆ ಆ ಎಲೆ ಸುಡುವುದು ಹೇಗಿರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಮಶ್ರೂಮ್ ಹವಳಗಳು ಮೊದಲೇ ಕಡಿಮೆ ಬೆಳಕಿನ ಜೀವಿಗಳು.

ಎರಡನೆಯದು ಆ ಎರಡು ಸೊನ್ನೆಗಳು. ನೈಟ್ರೇಟ್ ಮತ್ತು ಫಾಸ್ಫೇಟ್ ಸೊನ್ನೆಯಿದ್ದರೆ ನೀರು ಸ್ವಚ್ಛವಾಗಿದೆ ಎಂದು ನೀವು ಸಂತೋಷಪಟ್ಟಿದ್ದೀರಿ, ಸಿಹಿನೀರಿನ ಮೀನು ಸಾಕಿ ಬಂದ ನಾವೆಲ್ಲರೂ ಹಾಗೆಯೇ ಯೋಚಿಸುತ್ತೇವೆ. ಆದರೆ ಹವಳದೊಳಗಿನ ಪಾಚಿಯೂ ಪಾಚಿಯೇ ಅಲ್ಲವೇ? ಅದಕ್ಕೂ ಸಾರಜನಕ, ರಂಜಕ ಬೇಕು. ಗಾಜಿನ ಮೇಲಿನ ಪಾಚಿಯನ್ನು ಉಪವಾಸ ಕೆಡಹಲು ಹಾಕಿದ ಕಬ್ಬಿಣದ ಹರಳು ಹವಳದ ಪಾಚಿಯನ್ನೂ ಉಪವಾಸ ಕೆಡವಿದೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫಾಸ್ಫೇಟಿನ ಕೊರತೆಯಿಂದ ಬಳಲುವ ಹವಳ ಬಿಸಿಗೂ ಬೆಳಕಿಗೂ ಬೇಗ ಬಿಳಿಚಿಕೊಳ್ಳುತ್ತದೆ ಎಂಬುದು ಕಂಡುಬಂದಿತು. ಎಂದರೆ ಮಾಮೂಲಾಗಿ ತಾಳಿಕೊಳ್ಳಬಹುದಾಗಿದ್ದ ಬೆಳಕನ್ನೂ ಹಸಿದ ಪಾಚಿ ತಾಳಲಾರದು. ಮೃದು ಹವಳಗಳ ತೊಟ್ಟಿಯಲ್ಲಿ ನೈಟ್ರೇಟ್ 5ರಿಂದ 10 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ), ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇರುವುದನ್ನು ನಾನು ಒಳ್ಳೆಯ ಸ್ಥಿತಿಯೆಂದೇ ಎಣಿಸುತ್ತೇನೆ. ಗಾಜಿನ ಮೇಲೆ ಒಂದಿಷ್ಟು ಪಾಚಿ ಕಟ್ಟಿದರೆ ಕಟ್ಟಲಿ, ವಾರಕ್ಕೊಮ್ಮೆ ಒರೆಸಿಕೊಳ್ಳಬಹುದು.

ಈಗ ಮಾಡಬೇಕಾದದ್ದು ಸ್ವಲ್ಪವೇ. ಹರಳಿನ ಚೀಲವನ್ನು ತೆಗೆಯಿರಿ. ದೀಪದ ಬಲವನ್ನು ಅರ್ಧಕ್ಕೆ ಇಳಿಸಿ, ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಉರಿಸಬೇಡಿ. ಬಣ್ಣ ಮರಳಲು ಆರಂಭಿಸಿದ ಮೇಲೆ ವಾರಕ್ಕೆ ನೂರಕ್ಕೆ ಐದರಂತೆ ಏರಿಸಿದರೆ ಸಾಕು. ಮಶ್ರೂಮ್‌ಗಳಿರುವ ಕಲ್ಲನ್ನು ತೊಟ್ಟಿಯ ತಳಕ್ಕೆ, ಬೇರೊಂದು ಕಲ್ಲಿನ ಅರೆನೆರಳು ಬೀಳುವ ಕಡೆಗೆ ಇಳಿಸಿ. ಮೀನುಗಳಿಗೆ ದಿನಕ್ಕೆ ಒಂದು ಹೊತ್ತು ಹೆಚ್ಚಿಗೆ ತಿನ್ನಿಸಿ, ಅವುಗಳ ಹೇಲಿನಿಂದಲೇ ಪೋಷಕಾಂಶ ನಿಧಾನವಾಗಿ ಏರುತ್ತದೆ. ಸಂಜೆ ದೀಪವಾರಿದ ಮೇಲೆ, ಹೆಪ್ಪುಗಟ್ಟಿಸಿಟ್ಟ ಆರ್ಟೀಮಿಯ ಎಂಬ ಪುಟ್ಟ ಸಿಗಡಿಗಳ ಹಿಮ ಕರಗಿಸಿ ಪಿಪೆಟ್ಟಿನಿಂದ ಮಶ್ರೂಮ್‌ನ ಮೇಲೆ ಮೆಲ್ಲಗೆ ಬಿಡಬಹುದು. ಅದು ಅಂಚನ್ನು ಮಡಿಸಿ ಚೀಲದಂತೆ ಮುಚ್ಚಿಕೊಂಡರೆ ತಿನ್ನುತ್ತಿದೆ ಎಂದು ತಿಳಿಯಿರಿ. ಅರ್ಧ ಗಂಟೆಯಲ್ಲಿ ಮುಚ್ಚಿಕೊಳ್ಳದಿದ್ದರೆ ಆ ಆಹಾರವನ್ನು ಹೀರಿ ತೆಗೆಯಿರಿ, ಅಲ್ಲೇ ಕೊಳೆಯಲು ಬಿಡಬೇಡಿ. ಇದರ ಹೊರತು ಔಷಧ, ಅಯೋಡಿನ್, ಬಾಟಲಿಯ ಟಾನಿಕ್ ಯಾವುದನ್ನೂ ಹಾಕಬೇಡಿ. ದಿನಕ್ಕೊಂದು ಬದಲಾವಣೆ ಮಾಡುತ್ತಾ ಹೋದರೆ ಹವಳಕ್ಕೆ ಚೇತರಿಸಿಕೊಳ್ಳಲು ಪುರುಸೊತ್ತೇ ಸಿಗುವುದಿಲ್ಲ.

ಕೊಂಡುಕುರಿ, ಜಗಳೂರು

ನಾನು ಸಮುದ್ರನೀರಿನ ತೊಟ್ಟಿ ಸಾಕಿದವನಲ್ಲ, ಸಿಹಿನೀರಿನ ಮೀನುಗಳಷ್ಟೇ ಇವೆ. ಮೇಡಂ ಬರೆದದ್ದನ್ನು ಓದುವಾಗ ನಮ್ಮ ಮೆಕ್ಕೆಜೋಳ ನೆನಪಾಯಿತು. ಸತುವಿನ ಕೊರತೆಯಾದಾಗ ಎಳೆಯ ಸುಳಿ ಬೆಳ್ಳಗಾಗುತ್ತದೆ, ಹೊಸಬರು ಅದನ್ನು ನೋಡಿ ರೋಗವೆಂದು ಔಷಧ ಹೊಡೆಯುತ್ತಾರೆ. ಸತು ಕೊಟ್ಟರೆ ಹೊಸ ಎಲೆ ಹಸಿರಾಗಿಯೇ ಬರುತ್ತದೆ.

ನನ್ನದೊಂದು ಪ್ರಶ್ನೆಯಿದೆ. ನಮ್ಮ ಭಾಗದಲ್ಲಿ ಬೋರ್‌ವೆಲ್ ನೀರು ಬಹಳ ಗಡುಸು, ಫ್ಲೋರೈಡಿನ ತೊಂದರೆಯೂ ಇದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ತರುವ ಕ್ಯಾನ್ ನೀರನ್ನು ಇಂಥ ತೊಟ್ಟಿಗೆ ಬಳಸಬಹುದೇ? ಪ್ರಶ್ನೆ ಕೇಳಿದವರು ಯಾವ ನೀರು ಬಳಸುತ್ತಿದ್ದಾರೆಂದು ಬರೆದಿಲ್ಲ.

ಹರಿಹರದ ಹೊಳೆ, ಹರಿಹರ

ಘಟಕದ ನೀರು ಕುಡಿಯಲು ಸರಿ, ಹವಳಕ್ಕೆ ನೇರವಾಗಿ ಸಾಲದು. ನೀರಿನಲ್ಲಿ ಕರಗಿರುವ ಲವಣಗಳನ್ನು ತೋರಿಸುವ ಟಿಡಿಎಸ್ ಮೀಟರಿನಿಂದ ನಾನು ಅಳೆದಾಗ ನಮ್ಮ ಓಣಿಯ ಘಟಕದ ನೀರು 70 ತೋರಿಸಿತು. ಹವಳದ ತೊಟ್ಟಿಗೆ ಬೇಕಾದದ್ದು ಸೊನ್ನೆ. ಅದೇ ನೀರನ್ನು ಮನೆಯಲ್ಲಿ ಡಿಐ ರೆಸಿನ್ (ಉಳಿದ ಲವಣಗಳನ್ನು ಹೀರುವ ಹರಳು) ತುಂಬಿದ ಕೊಳವೆಯ ಮೂಲಕ ಹಾಯಿಸಿದರೆ ಸೊನ್ನೆಗೆ ಬರುತ್ತದೆ. ಉಳಿದ ಲವಣಗಳಿಗಿಂತ ನನಗೆ ಭಯವಿರುವುದು ತಾಮ್ರದ ಬಗ್ಗೆ. ತಾಮ್ರದ ಅಂಶ ತೀರ ಅಲ್ಪ ಪ್ರಮಾಣದಲ್ಲಿದ್ದರೂ ಹವಳ, ಸಿಗಡಿ, ಬಸವನಹುಳುಗಳಿಗೆ ವಿಷ. ಮೀನಿನ ಬಿಳಿಚುಕ್ಕೆ ರೋಗಕ್ಕೆ ಕೊಡುವ ಎಷ್ಟೋ ಔಷಧಗಳಲ್ಲಿ ತಾಮ್ರವಿರುತ್ತದೆ, ಅವುಗಳನ್ನು ಹವಳವಿರುವ ತೊಟ್ಟಿಗೆ ಎಂದಿಗೂ ಹಾಕಬಾರದು.

ಜೋಗಿಮಟ್ಟಿ, ಚಿತ್ರದುರ್ಗ

ಬಿಳಿ ಅನಿಮೋನ್ ಬಗ್ಗೆ ಯಾರೂ ಇನ್ನೂ ಬರೆದಿಲ್ಲವಾದ್ದರಿಂದ ನನ್ನ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಶಾಂತಿಸಾಗರ ಅವರೇ, ದಯವಿಟ್ಟು ಅದನ್ನು ಕೊಳ್ಳಬೇಡಿ. ನೀವು ವರ್ಣಿಸಿರುವುದು ಸೆಬೆ ಅನಿಮೋನ್ ಎಂದು ಕರೆಯುವ ಜಾತಿಯಾಗಿರಬೇಕು. ಆರೋಗ್ಯವಾಗಿದ್ದಾಗ ಅದರ ಮೈ ಕಂದು ಅಥವಾ ಹಸಿರು ಮಿಶ್ರಿತ ಕಂದು ಇರುತ್ತದೆ, ತುದಿಗಳು ಮಾತ್ರ ನೇರಳೆ. ಹಿಡಿದು ಸಾಗಿಸುವಾಗಿನ ಕತ್ತಲೆ, ಉಷ್ಣಾಂಶದ ಏರುಪೇರು, ದಿನಗಟ್ಟಲೆಯ ಉಪವಾಸ, ಇವುಗಳಿಂದ ಅದು ಪಾಚಿಯನ್ನು ಕಳೆದುಕೊಂಡು ಅಚ್ಚ ಬಿಳಿಯಾಗುತ್ತದೆ. ನೇರಳೆ ತುದಿ ಪಾಚಿಯದ್ದಲ್ಲ, ಪ್ರಾಣಿಯದ್ದೇ ಬಣ್ಣ, ಆದ್ದರಿಂದ ಅದು ಉಳಿದುಕೊಂಡು ಇಡೀ ಜೀವಿಯನ್ನು ಇನ್ನೂ ಸುಂದರವಾಗಿ ತೋರಿಸುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಕೇಳಿ ಬೆಳೆದ ನಾನೂ ಆ ಅಂದಕ್ಕೆ ಮರುಳಾದೆ.

ಮೂರು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಅಂಥದ್ದೇ ಅನಿಮೋನನ್ನು ಹಿಮದಷ್ಟು ಬಿಳಿಯ ವಿಶೇಷ ತಳಿಯೆಂದು ಹೇಳಿ, ಕಂದು ಬಣ್ಣದ್ದಕ್ಕಿಂತ ಹೆಚ್ಚಿನ ಬೆಲೆಗೆ ನನಗೆ ಮಾರಿದರು. ಮೊದಲ ವಾರ ಅದು ಅರಳಿ ನಿಂತಿತ್ತು. ಎರಡನೆಯ ವಾರ ಕಲ್ಲಿನಿಂದ ಕಲ್ಲಿಗೆ ಅಲೆಯತೊಡಗಿತು. ಬಾಯಿ ಸಡಿಲವಾಗಿ ತೆರೆದುಕೊಂಡು, ಹಾಕಿದ ಆಹಾರವನ್ನು ಉಗುಳುತ್ತಿತ್ತು. ಹದಿನೆಂಟನೆಯ ದಿನ ನಾನು ಕೆಲಸದಿಂದ ಮನೆಗೆ ಬಂದಾಗ ಅದು ಕರಗಿ ನೀರೆಲ್ಲ ಮಸುಕಾಗಿತ್ತು, ಬಾಗಿಲಲ್ಲೇ ವಾಸನೆ ಬಡಿಯಿತು. ಅದು ಕೊಳೆತದ್ದರಿಂದ ಅಮೋನಿಯಾ ಏರಿ, ಐದು ವರ್ಷ ಸಾಕಿದ ಒಂದು ಕ್ಲೌನ್ ಮೀನೂ ಸತ್ತಿತು. ತುಂಬ ಅನುಭವವಿರುವವರು, ಹಳೆಯ ಪಕ್ವವಾದ ತೊಟ್ಟಿಯಲ್ಲಿ, ದಿನಾ ಚೂರು ಚೂರೇ ತಿನ್ನಿಸಿ, ತಿಂಗಳುಗಟ್ಟಲೆ ಕಾದು ಇಂಥವನ್ನು ಉಳಿಸಿಕೊಂಡದ್ದಿದೆ. ಆದರೆ ನಾವು ಒಂದನ್ನು ಕೊಂಡರೆ ಅದೇ ಸ್ಥಿತಿಯಲ್ಲಿ ಇನ್ನೊಂದು ತರಿಸಲು ಅಂಗಡಿಯವರಿಗೆ ಕಾರಣ ಸಿಗುತ್ತದೆ. ಮಗಳಿಗೆ ಇದನ್ನು ವಿವರಿಸಿ ಹೇಳಿದರೆ ಆಕೆಗೆ ಖಂಡಿತ ಅರ್ಥವಾಗುತ್ತದೆ, ಮಕ್ಕಳಿಗೆ ಹಸಿದ ಪ್ರಾಣಿಯ ಮೇಲಿನ ಕರುಣೆ ನಮಗಿಂತ ಹೆಚ್ಚು.

ಇನ್ನೊಂದು ಬಿಳಿ ಹವಳವಿದೆ, ಅದರ ಬಗ್ಗೆಯೂ ಹೇಳಬೇಕು. ಮೀನಿನ ತೊಟ್ಟಿಯ ಅಲಂಕಾರಕ್ಕೆಂದು ಇಡುವ, ಕೊಂಬೆಗಳಂತಿರುವ ಬಿಳಿ ಹವಳದ ತುಂಡುಗಳು ಎಷ್ಟೋ ಮನೆಗಳ ಶೋಕೇಸಿನಲ್ಲಿವೆ. ರಾಮೇಶ್ವರದ ಯಾತ್ರೆಗೆ ಹೋದವರು ಹಿಂದೆಲ್ಲ ಅವನ್ನು ತರುತ್ತಿದ್ದರು, ನಮ್ಮಜ್ಜಿಯ ಮನೆಯಲ್ಲೂ ಒಂದಿತ್ತು. ಅವು ಸತ್ತ ಹವಳದ ಅಸ್ಥಿಗಳು. ಬಂಡೆ ಕಟ್ಟುವ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ ಮತ್ತು ಸಮುದ್ರ ಬೀಸಣಿಗೆಗಳನ್ನು 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಆ ತುಂಡುಗಳನ್ನು ಸಮುದ್ರದಿಂದ ತೆಗೆಯುವುದಾಗಲಿ, ಮಾರುವುದಾಗಲಿ, ಕೊಳ್ಳುವುದಾಗಲಿ ಅಪರಾಧ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದ ಸುತ್ತ ನಮ್ಮ ರಾಜ್ಯದ್ದೇ ಹವಳಗಳಿವೆ; ಅಲ್ಲಿ ಮುಳುಗಿ ನೋಡಲು ಹೋಗುವವರೂ ನೋಡಿ ಬರಬೇಕೇ ಹೊರತು ಒಂದು ಚೂರನ್ನೂ ತರಬಾರದು. ನೀವು ಮೃದು ಹವಳಗಳನ್ನಷ್ಟೇ ಇಟ್ಟುಕೊಂಡಿರುವುದು ಈ ದೃಷ್ಟಿಯಿಂದಲೂ ಸರಿಯಾಗಿದೆ. ಆದರೂ ಕೊಂಡದ್ದಕ್ಕೆ ಜಾತಿಯ ಹೆಸರು ಬರೆದ ರಸೀದಿಯನ್ನು ತೆಗೆದಿಟ್ಟುಕೊಳ್ಳಿ.

ಶಾಂತಿಸಾಗರ, ದಾವಣಗೆರೆ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಷ್ಟು ವಿವರವಾಗಿ ಬರೆದುದಕ್ಕೆ ಪ್ರತಿಯಾಗಿ ಆರು ವಾರಗಳಲ್ಲಿ ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯವೆಂದು ಭಾವಿಸಿ ಮತ್ತೆ ಬರೆಯುತ್ತಿದ್ದೇನೆ.

ಮೇಡಂ ಹೇಳಿದ ದಿನವೇ ಹರಳಿನ ಚೀಲವನ್ನು ತೆಗೆದು, ದೀಪವನ್ನು ಅರ್ಧಕ್ಕೆ ಇಳಿಸಿ, ಮಶ್ರೂಮ್ ಕಲ್ಲನ್ನು ತಳಕ್ಕೆ ಸರಿಸಿದೆ. ಹರಿಹರದವರ ಮಾತಿನಂತೆ ಎರಡು ಫ್ಯಾನ್ ಕಟ್ಟಿದ್ದೇನೆ, ಈಗ ಮಧ್ಯಾಹ್ನವೂ 26.8 ಡಿಗ್ರಿ ದಾಟುವುದಿಲ್ಲ. ನಾನು ಬಳಸುತ್ತಿದ್ದುದು ಮನೆಯ ಆರ್‌ಒ ಯಂತ್ರದ ನೀರು, ಅಳೆದಾಗ ಟಿಡಿಎಸ್ 45 ಇತ್ತು. ರೆಸಿನ್ ಕೊಳವೆ ತರಿಸಿದ್ದೇನೆ. ನೈಟ್ರೇಟ್ ಈಗ 5ರ ಆಸುಪಾಸಿನಲ್ಲಿದೆ, ಫಾಸ್ಫೇಟ್ 0.05 ತೋರಿಸುತ್ತಿದೆ.

ಲೆದರ್ ಹವಳ ಒಂಬತ್ತನೆಯ ದಿನ ಮೈಮೇಲಿನ ಪೊರೆಯನ್ನು ಕಳಚಿತು. ಈರುಳ್ಳಿಯ ಒಳಸಿಪ್ಪೆಯಂಥ ತೆಳು ಹಾಳೆ ಪಂಪಿನ ಸೆಳೆತಕ್ಕೆ ಬಿಡಿಸಿಕೊಂಡು ಹೋಗುವುದನ್ನು ನಾನೂ ಮಗಳೂ ಕುಳಿತು ನೋಡಿದೆವು. ಮರುದಿನ ಸಂಜೆಗೆ ಅದರ ಕೈಗಳೆಲ್ಲ ಹೊರಬಂದವು.

ಬಿಳಿಚಿಕೊಂಡ ಎರಡು ಮಶ್ರೂಮ್‌ಗಳಲ್ಲಿ ಒಂದು ಉಳಿಯಲಿಲ್ಲ. ಎರಡನೆಯ ವಾರದಲ್ಲಿ ಅದರ ಬಾಯಿ ತೆರೆದುಕೊಂಡಿತು, ಲೋಳೆಯಾಗುವುದಕ್ಕೆ ಮೊದಲೇ ಹೊರತೆಗೆದೆ. ಇನ್ನೊಂದು ಮೂರನೆಯ ವಾರದಿಂದ ಸಂಜೆಯ ಸಿಗಡಿಯನ್ನು ಮಡಿಸಿಕೊಂಡು ತಿನ್ನುತ್ತಿದೆ. ಕಳೆದ ಭಾನುವಾರ ಟಾರ್ಚ್ ಹಿಡಿದು ನೋಡಿದಾಗ ಅದರ ಬಾಯಿಯ ಸುತ್ತ, ಚಹಾದ ಕಲೆಯಂತೆ, ತಿಳಿಗಂದು ಬಣ್ಣದ ಒಂದು ಉಂಗುರ ಕಾಣಿಸಿತು. ಇಂದು ಅದು ಅಂಚಿನ ಕಡೆಗೆ ಅರ್ಧ ಬೆರಳಿನಷ್ಟು ಹರಡಿದೆ. ಮಗಳು ಪ್ರತಿದಿನ ಶಾಲೆಯಿಂದ ಬಂದೊಡನೆ ಅದನ್ನೇ ನೋಡುತ್ತಾಳೆ, ಅನಿಮೋನಿನ ಮಾತು ಎತ್ತಿಲ್ಲ. ದೀಪವನ್ನು ಈ ವಾರದಿಂದ ನೂರಕ್ಕೆ ಐದರಷ್ಟು ಏರಿಸಬಹುದೇ, ಅಥವಾ ಆ ಉಂಗುರ ಅಂಚನ್ನು ಮುಟ್ಟುವವರೆಗೆ ಕಾಯಬೇಕೇ ಎಂದು ಚಂದ್ರವಳ್ಳಿ ಮೇಡಂ ಅವರು ತಿಳಿಸಬೇಕಾಗಿ ಕೋರುತ್ತೇನೆ.

ಚಂದ್ರವಳ್ಳಿ, ಚಿತ್ರದುರ್ಗ

ಓದಿ ತುಂಬ ಸಂತೋಷವಾಯಿತು. ಉಂಗುರ ಅಂಚನ್ನು ಮುಟ್ಟುವವರೆಗೆ ಕಾಯಿರಿ. ಅದಕ್ಕೆ ಇನ್ನೂ ಒಂದೂವರೆ ತಿಂಗಳು ಹಿಡಿಯಬಹುದು, ಅವಸರವಿಲ್ಲ. ಅಲ್ಲಿಯವರೆಗೆ ವಾರಕ್ಕೆರಡು ಬಾರಿ ಸಿಗಡಿ ಕೊಡುವುದನ್ನು ನಿಲ್ಲಿಸಬೇಡಿ, ಮತ್ತು ಮಗಳ ಕೈಯಲ್ಲಿ ಆ ಉಂಗುರದ ಚಿತ್ರವನ್ನು ವಾರಕ್ಕೊಮ್ಮೆ ದಿನಾಂಕ ಹಾಕಿ ಬರೆಸಿಡಿ, ಒಂದೇ ಟಾರ್ಚ್ ಬೆಳಕಿನಲ್ಲಿ.